ಸುರಭಿಯ ಅಂಗೈ

ನನ್ನ ಸೊಸೆ ಸುರಭಿ ಮೃದಂಗ ನುಡಿಸುತ್ತಾಳೆ. ಹೀಗೆಂದರೆ ಈಗಲೂ ಕೆಲವರು ‘ಹಾಡ್ತಾರಾ?’ ಎಂದು ಮತ್ತೊಮ್ಮೆ ಕೇಳುತ್ತಾರೆ. ಹಾಡುವುದಿಲ್ಲ, ವೀಣೆಯೂ ಅಲ್ಲ, ಮೃದಂಗ. ಬೆಂಗಳೂರಿನ ಶ್ರೀನಗರದ ಮನೆಯಲ್ಲಿ ಅವಳ ತಂದೆ ಗುಂಡಣ್ಣನವರು ಶನಿವಾರದ ಭಜನೆ ನಡೆಸುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ಮೃದಂಗದವರ ಪಕ್ಕದಲ್ಲಿ ಕೂತು ತೊಡೆ ತಟ್ಟುತ್ತಿದ್ದ ಹುಡುಗಿ ಒಂದು ದಿನ ತನಗೂ ಅದೇ ಬೇಕೆಂದು ಹಟ ಹಿಡಿದಳಂತೆ. ‘ಹೆಣ್ಣುಮಕ್ಕಳ ಕೈಗೆ ತೂಕ ಇರಲ್ಲ’ ಎಂದು ಮೊದಲ ಮೇಷ್ಟ್ರು ವಾಪಸು ಕಳಿಸಿದರು. ಎರಡನೆಯವರು ಕಲಿಸಿದರು. ನನ್ನ ಮಗ ಭಾರ್ಗವ ಅವಳನ್ನು ಮದುವೆಯಾಗಿ ಜಯನಗರದ ನಮ್ಮ ಮನೆಗೆ ಕರೆತಂದಾಗ ಅವಳ ಜೊತೆಗೆ ಮೂರು ಮೃದಂಗಗಳೂ ಬಂದವು. ಹಜಾರದಲ್ಲಿದ್ದ ದಿವಾನವನ್ನು ತೆಗೆದು ಅವುಗಳಿಗೆ ಜಾಗ ಮಾಡಿದೆವು.

ನಾನು ವಾರಿಜಾ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸೇರಿ ಸೂಪರ್‌ವೈಸರಾಗಿ ನಿವೃತ್ತಳಾದವಳು. ಮನೆಯಲ್ಲಿ ನಮ್ಮವರು ಅನಂತರಾಮು, ಮಗ, ಸೊಸೆ, ನಾನು. ಸೊಸೆಯನ್ನು ಹೊಗಳುವ ಅತ್ತೆಯನ್ನು ಜನ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ನೋಡಲಿ. ಕಳೆದ ಬೇಸಿಗೆಯಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಸುರಭಿ ಬಸುರಾದ ಆರನೆಯ ತಿಂಗಳಲ್ಲಿ ಅವಳಿಗೆ ಹೊಟ್ಟೆಯ ಮೇಲೆ ನವೆ ಶುರುವಾಯಿತು. ಅದು ಎಲ್ಲರಿಗೂ ಆಗುವಂಥದ್ದೇ. ಚರ್ಮ ಹಿಗ್ಗಿದಾಗ ಒಣಗಿ ನವೆಯಾಗುತ್ತದೆ. ಅವಳನ್ನು ನೋಡುತ್ತಿದ್ದ ಡಾಕ್ಟರ್ ಮಧುಶ್ರೀ, ಬನಶಂಕರಿಯ ನರ್ಸಿಂಗ್ ಹೋಮಿನವರು, ಸುಡುಸುಡು ನೀರಿನ ಸ್ನಾನ ಬಿಡಲು ಹೇಳಿದರು. ವಾಸನೆಯ ಸೋಪು ಬೇಡ, ಮೈ ಒರೆಸಿಕೊಂಡ ಕೂಡಲೇ ಕ್ರೀಮನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚಿಕೊಳ್ಳಿ, ಸಡಿಲವಾದ ಹತ್ತಿ ಬಟ್ಟೆ ಹಾಕಿಕೊಳ್ಳಿ ಎಂದರು. ಹಾಗೆ ಮಾಡಿದಳು, ವಾರದೊಳಗೆ ತಗ್ಗಿತು. ಆ ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡೆವು.

ಎಂಟನೆಯ ತಿಂಗಳಿಗೆ ಕಾಲಿಡುವ ಹೊತ್ತಿಗೆ ಯುಗಾದಿ ಕಳೆದು ರಾಮನವಮಿ ಹತ್ತಿರ ಬಂದಿತ್ತು. ನಮ್ಮ ಕಡೆ ರಾಮನವಮಿ ಒಂದು ದಿನದ ಹಬ್ಬವಲ್ಲ, ತಿಂಗಳುಗಟ್ಟಲೆ ಬಡಾವಣೆಬಡಾವಣೆಗೂ ಪೆಂಡಾಲು, ಪಾನಕ, ಕೋಸಂಬರಿ, ಸಂಜೆಯ ಕಚೇರಿ. ಆ ವರ್ಷ ಜಯನಗರದ ಒಂದು ರಾಮೋತ್ಸವದಲ್ಲಿ ಹಾಡಲಿದ್ದ ವಿದುಷಿ ಮೈತ್ರೇಯಿಯವರು ತಾವಾಗಿಯೇ ಫೋನ್ ಮಾಡಿ ಸುರಭಿಯನ್ನು ಪಕ್ಕವಾದ್ಯಕ್ಕೆ ಕರೆದಿದ್ದರು. ಮೈತ್ರೇಯಿಯವರಿಗೆ ನುಡಿಸುವುದೆಂದರೆ ದೊಡ್ಡ ಮಾತು. ಅವರ ಎಡಬಲದಲ್ಲಿ ಹಿರಿಯ ವಿದ್ವಾಂಸರಲ್ಲದೆ ಬೇರೆಯವರನ್ನು ನಾನು ಕಂಡಿರಲಿಲ್ಲ. ‘ಆ ಹೊತ್ತಿಗೆ ಒಂಬತ್ತು ತುಂಬ್ತಿರುತ್ತೆ ಮೇಡಂ’ ಎಂದು ಸುರಭಿ ಮುಚ್ಚುಮರೆಯಿಲ್ಲದೆ ಹೇಳಿದಳು. ‘ಕೂರಕ್ಕಾಗುತ್ತೆ ಅಂದ್ರೆ ಬಾ. ನನ್ನ ಅಭ್ಯಂತರ ಏನಿಲ್ಲ’ ಅಂದರಂತೆ. ಡಾಕ್ಟರೂ ಒಪ್ಪಿದರು. ಆ ಸಂಜೆ ಫೋನಿಟ್ಟ ಮೇಲೆ ಸುರಭಿ ಮೃದಂಗದ ಮುಂದೆ ಸುಮ್ಮನೆ ಕೂತಿದ್ದಳು. ನುಡಿಸಲಿಲ್ಲ. ಮುಖದಲ್ಲಿ ಅಂಥ ತೃಪ್ತಿ.

ಅದಾದ ಕೆಲವು ದಿನಕ್ಕೇ ಅಂಗೈ ನವೆ ಶುರುವಾಯಿತು.

ಮೊದಮೊದಲು ನಾವು ನಕ್ಕೆವು. ‘ಅಂಗೈ ನವೆಯಾದ್ರೆ ಲಕ್ಷ್ಮಿ ಬರ್ತಾಳಂತೆ ಕಣಮ್ಮ’ ಎಂದು ನಮ್ಮವರು ತಮಾಷೆ ಮಾಡಿದರು. ಮೃದಂಗದ ಚರ್ಮ, ಬಲಗಡೆಯ ಕಪ್ಪು ಕರಣೆ, ಎಡಗಡೆಗೆ ಮೆತ್ತುವ ರವೆ, ಇವುಗಳಲ್ಲಿ ಯಾವುದೋ ಒಂದು ಕೈಗೆ ಒಗ್ಗಿಲ್ಲ ಎಂದು ಭಾರ್ಗವ ತೀರ್ಮಾನಿಸಿದ. ಎದುರುಮನೆಯವರು ಮಗುವಿಗೆ ಕೂದಲು ದಟ್ಟವಾಗಿ ಬರುತ್ತಿದೆ, ಅದಕ್ಕೇ ನವೆ ಎಂದರು. ನಾನು ಪಿತ್ತಗಂದೆ ಇರಬಹುದೆಂದು ಕುಂಡದಲ್ಲಿದ್ದ ದೊಡ್ಡಪತ್ರೆಯನ್ನು ಕಿತ್ತು ತಂದು ಅವಳ ಕೈಗೆ ಉಜ್ಜಿದೆ. ಮೆಡಿಕಲ್ ಸ್ಟೋರಿನವರು ಗುಲಾಬಿ ಬಣ್ಣದ ಲೋಷನ್ ಕೊಟ್ಟರು. ಸೆಕೆಯಂತೂ ಇತ್ತೇ ಇತ್ತು. ಬೆವರುಸಾಲೆ ಎಂದವರೂ ಇದ್ದರು. ಸುರಭಿ ಯಾರ ಮಾತನ್ನೂ ಹಗುರ ಮಾಡಲಿಲ್ಲ. ದೊಡ್ಡಪತ್ರೆ ಉಜ್ಜಿಸಿಕೊಂಡಳು, ಲೋಷನ್ ಹಚ್ಚಿಕೊಂಡಳು, ಎಳನೀರು ಕುಡಿದಳು. ನವೆ ಮಾತ್ರ ಹಾಗೇ ಇತ್ತು.

ಒಂದು ಬೆಳಗಿನ ಜಾವ ಹಾಲು ಕಾಯಿಸಲು ಎದ್ದು ಬಂದರೆ ಸುರಭಿ ಬಚ್ಚಲಿನಲ್ಲಿ ಸ್ಟೂಲು ಹಾಕಿಕೊಂಡು, ಎರಡೂ ಪಾದಗಳನ್ನು ತಣ್ಣೀರಿನ ಬಕೆಟಿನಲ್ಲಿಟ್ಟುಕೊಂಡು ಕೂತಿದ್ದಳು. ಕೈಯಲ್ಲಿ ಬಾಚಣಿಗೆ. ಅದರ ಹಲ್ಲುಗಳಿಂದ ಅಂಗೈಯನ್ನು ಮೆಲ್ಲಗೆ ಗೀರಿಕೊಳ್ಳುತ್ತಿದ್ದಳು. ಕಣ್ಣಿನ ಸುತ್ತ ಕಪ್ಪು.

‘ನಿದ್ದೆ ಮಾಡಿಲ್ವೇನೇ?’ ಎಂದೆ.

‘ಮಲಗಿದ್ರೆ ಜಾಸ್ತಿ ಆಗುತ್ತೆ ಅತ್ತೆ. ಮೂರ್ನಾಲ್ಕು ದಿನದಿಂದ ಹೀಗೇ ಆಗ್ತಿದೆ.’

ದೀಪ ಹಾಕಿ ಅವಳ ಕೈ ಹಿಡಿದು ನೋಡಿದೆ. ಉಗುರಿನ ಗೆರೆಗಳು ಬಿಟ್ಟರೆ ಒಂದು ದದ್ದಿಲ್ಲ, ಗುಳ್ಳೆಯಿಲ್ಲ, ಕೆಂಪೂ ಇಲ್ಲ.

‘ಈವತ್ತಿಂದ ಮೃದಂಗ ಮುಟ್ಟಲ್ಲ’ ಎಂದಳು. ‘ಅದರಿಂದ ಆಗ್ತಿದ್ಯೋ ಇಲ್ವೋ ಗೊತ್ತಾಗ್ಬೇಕಲ್ಲ.’

ಕಚೇರಿ ಹತ್ತಿರವಿರುವಾಗ ಸಾಧನೆ ನಿಲ್ಲಿಸುವುದು ಅವಳಿಗೆ ಸಣ್ಣ ವಿಷಯವಲ್ಲ. ಜ್ವರ ಬಂದ ದಿನವೂ ಕೈ ಆಡಿಸಿದವಳು. ಆದರೂ ಮೃದಂಗಗಳಿಗೆ ಗವಸು ಹಾಕಿ ಕಟ್ಟಿಟ್ಟಳು. ಪಾಠಕ್ಕೆ ಬರುವ ಮಕ್ಕಳಿಗೆ ಬಾಯಲ್ಲೇ ಸೊಲ್ಲು ಹೇಳಿ ಕಲಿಸಿದಳು. ನಾಲ್ಕು ದಿನ ಕಳೆದ ಮೇಲೆ ತಿಂಡಿ ತಿನ್ನುವಾಗ, ಲೆಕ್ಕವೊಂದು ಬಗೆಹರಿದವಳಂತೆ ಶಾಂತವಾಗಿ ಹೇಳಿದಳು.

‘ಅತ್ತೆ, ಇದು ಮೃದಂಗದ್ದಲ್ಲ. ಕೈಗಿಂತ ಪಾದದಲ್ಲೇ ಈಗ ಜಾಸ್ತಿ. ಪಾದದಲ್ಲಿ ಯಾರು ಮೃದಂಗ ನುಡಿಸ್ತಾರೆ?’

‘ಇನ್ನೇನು ಮಾಡೋಣ?’

‘ಚೆಕಪ್ಪು ಮುಂದಿನ ವಾರ ಇದೆ. ಅಲ್ಲೀವರೆಗೂ ಕಾಯಲ್ಲ. ಈವತ್ತೇ ಹೋಗೋಣ.’

ಆ ದಿನ ಡಾಕ್ಟರ್ ಮಧುಶ್ರೀ ಹೆರಿಗೆ ಕೋಣೆಯಲ್ಲಿದ್ದರು. ಅವರ ಬದಲಿಗೆ ಕೂತಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಹೊರಗೆ ಕಾಯುತ್ತಿದ್ದ ಸಾಲನ್ನು ಒಮ್ಮೆ ನೋಡಿ, ಸುರಭಿಯ ಕೈ ನೋಡಿ, ‘ಪ್ರೆಗ್ನೆನ್ಸಿಯಲ್ಲಿ ನವೆ ಕಾಮನ್ ಮೇಡಂ. ದದ್ದೇನೂ ಇಲ್ಲ. ಕ್ರೀಮ್ ಬರ್ದುಕೊಡ್ತೀನಿ’ ಎಂದರು. ನಾನು ಪರ್ಸು ತೆಗೆದುಕೊಂಡು ಎದ್ದೂ ಬಿಟ್ಟೆ. ಸುರಭಿ ಏಳಲಿಲ್ಲ.

‘ಡಾಕ್ಟ್ರೇ, ಒಂದು ನಿಮಿಷ. ಆರನೇ ತಿಂಗಳಲ್ಲಿ ಹೊಟ್ಟೆ ಮೇಲೆ ನವೆ ಬಂದಿತ್ತು. ಅದು ಚರ್ಮದ್ದು, ಕ್ರೀಮಿಗೆ ಹೋಯ್ತು. ಇದು ಹಾಗಿಲ್ಲ. ಕೆರ್ಕೊಂಡ್ರೆ ಸಮಾಧಾನ ಆಗಲ್ಲ. ಒಳಗಿಂದ ಬರ್ತಿದೆ ಅನ್ಸುತ್ತೆ. ದದ್ದಿಲ್ಲ ಅಂತ ನೀವು ಹೇಳಿದ್ರಲ್ಲ, ನಂಗೂ ಅದೇ ಯೋಚನೆ. ಚರ್ಮದಲ್ಲಿ ಏನೂ ಇಲ್ಲದೆ ಇಷ್ಟು ನವೆ ಯಾಕೆ?’

ದನಿ ಏರಿಸಲಿಲ್ಲ. ಜಗಳದ ಧಾಟಿಯೂ ಇರಲಿಲ್ಲ. ಆದರೆ ಉತ್ತರ ಸಿಗುವವರೆಗೂ ಆ ಕುರ್ಚಿಯಿಂದ ಏಳುವವಳಲ್ಲ ಎಂದು ನನಗೆ ಗೊತ್ತಾಯಿತು, ಆ ಡಾಕ್ಟರಿಗೂ. ಅವರು ಪೆನ್ನು ಕೆಳಗಿಟ್ಟರು.

‘ಅಂಗೈ, ಅಂಗಾಲು ಎರಡೂನಾ?’

‘ಹೌದು.’

‘ರಾತ್ರಿ ಜಾಸ್ತೀನಾ? ಯೂರಿನ್ ಬಣ್ಣ ಗಾಢವಾಗಿದ್ಯಾ? ಊಟ ಸೇರ್ತಿಲ್ವಾ?’

ಎಲ್ಲಕ್ಕೂ ಹೌದೆಂದಳು. ಆ ಡಾಕ್ಟರು ಎದ್ದು ಒಳಗೆ ಹೋಗಿ ಡಾಕ್ಟರ್ ಮಧುಶ್ರೀಯವರ ಜೊತೆ ಮಾತಾಡಿ ಬಂದು, ‘ನೀವು ಹೇಳಿದ್ದು ಒಳ್ಳೇದಾಯ್ತು. ಲಿವರ್ ಟೆಸ್ಟು, ಬೈಲ್ ಆಸಿಡ್ ಟೆಸ್ಟು ಎರಡೂ ಮಾಡಿಸೋಣ’ ಎಂದರು. ಹೊರಗೆ ಕಾಯುತ್ತಿದ್ದವರಿಗಿಂತ ಮೊದಲೇ ರಕ್ತ ತೆಗೆದರು.

ಎರಡು ದಿನಕ್ಕೆ ಫಲಿತಾಂಶ ಬಂತು. ಈ ಸಲ ಡಾಕ್ಟರ್ ಮಧುಶ್ರೀಯವರೇ ಭಾರ್ಗವನನ್ನೂ ನನ್ನನ್ನೂ ಒಳಗೆ ಕೂರಿಸಿಕೊಂಡು ವಿವರಿಸಿದರು.

‘ಲಿವರಿನಿಂದ ಪಿತ್ತರಸ ಕರುಳಿಗೆ ಹರೀಬೇಕು. ಕೆಲವರಿಗೆ ಬಸುರಿನ ಕೊನೆ ತಿಂಗಳುಗಳಲ್ಲಿ ಅದು ಸರಿಯಾಗಿ ಹರಿಯಲ್ಲ. ಅದರ ಅಂಶ ರಕ್ತದಲ್ಲಿ ಉಳ್ಕೊಳ್ಳುತ್ತೆ, ನವೆ ಬರುತ್ತೆ. ಕೊಲೆಸ್ಟಾಸಿಸ್ ಅಂತೀವಿ. ಇವರು ತಿಂದಿದ್ದರಿಂದಲೋ ಮಾಡಿದ್ದರಿಂದಲೋ ಆಗಿದ್ದಲ್ಲ. ಹೆರಿಗೆ ಆದ ಮೇಲೆ ಹೋಗುತ್ತೆ.’

‘ಹಾಗಿದ್ರೆ ಭಯ ಇಲ್ವಲ್ಲ?’ ಎಂದ ಭಾರ್ಗವ.

‘ತಾಯಿಗೆ ಅಷ್ಟಾಗಿ ಇಲ್ಲ. ಈ ಅಂಶ ತುಂಬ ಏರಿದ್ರೆ ಮಗೂಗೆ ಅಪಾಯ ಇದೆ. ಸುರಭಿಯವರದ್ದು ಈಗ ಆ ಮಟ್ಟದಲ್ಲಿಲ್ಲ. ಆದ್ರೆ ಏರಬಹುದು. ಪ್ರತಿ ವಾರ ರಕ್ತ ಪರೀಕ್ಷೆ ಮಾಡೋಣ. ಪೂರ್ತಿ ದಿನ ತುಂಬೋವರೆಗೂ ಬಿಡಲ್ಲ, ಮುಂಚೇನೇ ಹೆರಿಗೆ ಮಾಡಿಸ್ತೀವಿ. ಎಷ್ಟು ಮುಂಚೆ ಅನ್ನೋದು ರಿಪೋರ್ಟು ಹೇಳುತ್ತೆ.’

ನವೆಗೆ ಒಂದು ಮಾತ್ರೆ ಕೊಟ್ಟರು. ಅದು ಎಲ್ಲರಿಗೂ ಒಂದೇ ಥರ ಕೆಲಸ ಮಾಡುವುದಿಲ್ಲ ಎಂದೂ ಹೇಳಿದರು. ತಣ್ಣನೆಯ ಒದ್ದೆ ಬಟ್ಟೆ, ಪುದೀನದಂಥ ತಂಪಿನ ಕ್ರೀಮು, ಉಗುರು ಗಿಡ್ಡ. ಕಾಮಾಲೆಗೆ ಕೊಡುವ ನಾಟಿ ಔಷಧಿಯನ್ನು ಯಾರು ಹೇಳಿದರೂ ತೆಗೆದುಕೊಳ್ಳಬಾರದು ಎಂದು ನನ್ನ ಮುಖ ನೋಡಿಯೇ ಹೇಳಿದರು. ನಾನು ತಲೆಯಾಡಿಸಿದೆ. ಕೊನೆಗೆ ಸುರಭಿಯ ಕಡೆ ತಿರುಗಿದರು.

‘ಮಗು ಅಲುಗಾಡೋ ರೀತಿ ಪ್ರತಿಯೊಬ್ಬರಿಗೂ ಬೇರೆ. ನಿಮ್ಮ ಮಗೂದು ನಿಮಗೇ ಚೆನ್ನಾಗಿ ಗೊತ್ತು. ಅದು ಕಡಿಮೆ ಆಯ್ತು ಅನ್ನಿಸಿದ್ರೆ ನಾಳೆ ನೋಡೋಣ ಅನ್ಬೇಡಿ. ಯಾವ ಹೊತ್ತಾದ್ರೂ ಬನ್ನಿ. ಏನೂ ಇಲ್ದೇ ಹೋದ್ರೆ ವಾಪಸ್ ಕಳಿಸ್ತೀವಿ, ಬೈಯಲ್ಲ.’

ಕಾರಿನಲ್ಲಿ ಬರುವಾಗ ಭಾರ್ಗವ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಬನಶಂಕರಿ ಬಸ್ ಸ್ಟ್ಯಾಂಡಿನ ಸಿಗ್ನಲ್ಲಿನಲ್ಲಿ ನಿಂತಾಗ, ‘ಮೈತ್ರೇಯಿ ಮೇಡಂಗೆ ಬರಲ್ಲ ಅಂತ ಹೇಳಿಬಿಡು’ ಎಂದ.

‘ಡಾಕ್ಟ್ರು ಬೇಡ ಅಂದ್ರಾ?’

‘ಅನ್ನಲಿಲ್ಲ. ಆದ್ರೂ.’

‘ಮನೇಲಿ ಕೂತ್ರೆ ನವೆ ಕಡಿಮೆ ಆಗುತ್ತಾ ಭಾರ್ಗವ? ನುಡಿಸೋವಾಗ್ಲೇ ನಂಗೆ ಅದು ಸ್ವಲ್ಪ ಮರ್ತು ಹೋಗೋದು. ಡಾಕ್ಟ್ರು ಬೇಡ ಅಂದ ದಿನ ಬಿಡ್ತೀನಿ.’

ಸಿಗ್ನಲ್ಲು ಬಿಟ್ಟಿತು. ಅವನು ಕಾರನ್ನು ಮುಂದಕ್ಕೆ ತೆಗೆದ.

ಆಮೇಲಿನ ವಾರಗಳಲ್ಲಿ ನಾನು ಅವಳನ್ನು ನೋಡುತ್ತಲೇ ಇದ್ದೆ. ಮಾತ್ರೆಯಿಂದ ನವೆ ಅರ್ಧದಷ್ಟು ತಗ್ಗಿತು, ಹೋಗಲಿಲ್ಲ. ಹಿಂದಿನ ರಾತ್ರಿ ಕೆಟ್ಟಿದ್ದ ನಿದ್ದೆಯನ್ನು ಮಧ್ಯಾಹ್ನ ಒಂದಿಷ್ಟು ತುಂಬಿಕೊಳ್ಳುತ್ತಿದ್ದಳು. ಎದ್ದ ಮೇಲೆ ಒದ್ದೆ ಕರವಸ್ತ್ರಗಳನ್ನು ಫ್ರಿಜ್ಜಿನಿಂದ ತೆಗೆದು ಅಂಗೈಗೆ ಸುತ್ತಿಕೊಂಡು ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಆಮೇಲೆ ಅದನ್ನು ಬಿಚ್ಚಿ ತಾನು ನುಡಿಸಲು ಕೂರುತ್ತಿದ್ದಳು. ಬೀದಿಯ ಬಾದಾಮಿ ಮರದ ಕೆಳಗೆ ವಾಕಿಂಗ್ ಮುಗಿಸಿ ನಿಂತ ಹೆಂಗಸರು ಕಿಟಕಿಯ ಹತ್ತಿರ ಬಂದು ಕೇಳುತ್ತಿದ್ದರು. ಅಷ್ಟು ನೆಮ್ಮದಿಯಾಗಿ ನುಡಿಯುತ್ತಿದ್ದ ಆ ಕೈಗಳ ಕಷ್ಟ ಅವರಿಗೆ ಗೊತ್ತಾಗುವಂತಿರಲಿಲ್ಲ. ಸಿಡುಕಿದ್ದನ್ನು ನಾನು ಒಂದೇ ಸಲ ಕಂಡದ್ದು. ಎದುರುಮನೆಯವರು ಬಂದು ‘ನಮ್ಮ ಕಾಲದಲ್ಲಿ ಇವೆಲ್ಲ ಟೆಸ್ಟು ಇತ್ತಾ, ನಾವು ಹೆರಲಿಲ್ವಾ’ ಎಂದಾಗ, ‘ಮಗು ಕಳ್ಕೊಂಡವರ ವಿಷಯ ಯಾರು ಹೇಳ್ತಾರೆ ಆಂಟಿ’ ಎಂದು ಒಳಗೆ ಹೋದಳು. ಆಮೇಲೆ ತಾನೇ ಬಂದು ಅವರಿಗೆ ಕಾಫಿ ಕೊಟ್ಟಳು.

ಕಚೇರಿಯ ದಿನ ಬಂತು. ಅವಳಿಗೆ ಮೂವತ್ತಾರು ವಾರ ಮುಗಿದಿತ್ತು. ಹೆರಿಗೆಗೆ ಮುಂದಿನ ಸೋಮವಾರ ನಿಗದಿಯಾಗಿತ್ತು. ಹಿಂದಿನ ದಿನವಷ್ಟೇ ಕೊಟ್ಟಿದ್ದ ರಕ್ತದ ರಿಪೋರ್ಟು ಇನ್ನೂ ಬಂದಿರಲಿಲ್ಲ. ಸಂಜೆ ನಾವೆಲ್ಲ ಪೆಂಡಾಲಿಗೆ ಹೋದೆವು. ಕುರ್ಚಿಗಳು ಆಗಲೇ ತುಂಬುತ್ತಿದ್ದವು. ಗುಂಡಣ್ಣನವರು ಮೊದಲ ಸಾಲಿನಲ್ಲಿ ಜರಿ ಪಂಚೆ ಉಟ್ಟು ಕೂತಿದ್ದರು. ಬಸುರಿ ಹುಡುಗಿ, ಜೊತೆಗೊಬ್ಬರಿರಲಿ ಎಂದು ನಾನು ವೇದಿಕೆಯ ಹಿಂದಿನ ಕೋಣೆಗೆ ಹೋದೆ. ಮೈತ್ರೇಯಿಯವರು ತಂಬೂರಿ ಶ್ರುತಿ ಮಾಡಿಸುತ್ತಿದ್ದರು. ಖಂಜಿರದ ಸಂಗಮೇಶ ಪಕ್ಕದಲ್ಲಿ ಕೂತಿದ್ದ. ಸುರಭಿ ಮೃದಂಗವನ್ನು ಮುಂದಿಟ್ಟುಕೊಂಡು, ಕಲ್ಲಿನಿಂದ ಅಂಚನ್ನು ತಟ್ಟಿ ತಟ್ಟಿ ಶ್ರುತಿಗೆ ತರುತ್ತಿದ್ದಳು.

ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು. ಕಲ್ಲನ್ನು ಕೆಳಗಿಟ್ಟು, ಎಡಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಸ್ವಲ್ಪ ಹೊತ್ತು ಹಾಗೇ ಇದ್ದಳು. ಮತ್ತೆ ಎರಡು ಸಲ ಜೋರಾಗಿ ನುಡಿಸಿದಳು. ಮತ್ತೆ ಕೈ ಹೊಟ್ಟೆಯ ಮೇಲೆ.

‘ಅತ್ತೆ’ ಎಂದಳು. ‘ಶ್ರುತಿ ಮಾಡೋವಾಗ ಇದು ಒಂದು ದಿನಾನೂ ಸುಮ್ಮನಿದ್ದಿಲ್ಲ. ಈವತ್ತು ಊಟ ಆದ್ಮೇಲೂ ಮಗು ಅಷ್ಟಾಗಿ ಅಲುಗಾಡಲಿಲ್ಲ. ಮಲಗಿದೆಯೇನೋ ಅಂದ್ಕೊಂಡೆ. ಈಗ ಹೋಗ್ಬೇಕು.’

ಮೃದಂಗಕ್ಕೆ ಗವಸು ಹಾಕುವಷ್ಟೂ ಕಾಯಲಿಲ್ಲ. ನೆಲಕ್ಕೆ ಕೈಯೂರಿ ಎದ್ದು ಮೈತ್ರೇಯಿಯವರ ಮುಂದೆ ನಿಂತಳು.

‘ಮೇಡಂ, ನಾನು ಆಸ್ಪತ್ರೆಗೆ ಹೋಗ್ತಿದ್ದೀನಿ. ಮಗು ಅಲುಗಾಡೋದು ಕಡಿಮೆಯಾಗಿದೆ. ಈವತ್ತು ನುಡ್ಸಕ್ಕಾಗಲ್ಲ.’

ಉತ್ಸವ ಸಮಿತಿಯವರೊಬ್ಬರು ಅಲ್ಲೇ ಇದ್ದರು. ಅವರು ಅಡ್ಡ ಬಂದರು. ‘ಅಮ್ಮಾ, ಜನ ತುಂಬಿದ್ದಾರೆ. ಶುರುವಿನ ವರ್ಣ ಒಂದು ನುಡಿಸಿಕೊಟ್ಟು ಹೋಗಿ. ಅಷ್ಟರಲ್ಲಿ ಬೇರೆಯವರನ್ನ ಕರೆಸ್ತೀವಿ. ಹತ್ತು ನಿಮಿಷ ಅಷ್ಟೇ’ ಎಂದರು.

‘ಆಗಲ್ಲ ಸಾರ್’ ಎಂದಳು ಸುರಭಿ. ಅಷ್ಟೇ. ವಿವರಣೆ ಇಲ್ಲ, ಕ್ಷಮೆಯ ಮಾತಿಲ್ಲ, ಕಣ್ಣಲ್ಲಿ ನೀರೂ ಇಲ್ಲ. ಪರದೆಯ ಆಚೆ ಅವಳ ತಂದೆ ಕೂತಿದ್ದರು. ಈ ಸಂಜೆಗಾಗಿ ಅವಳು ಎಷ್ಟು ವರ್ಷ ಕಾದಿದ್ದಳೆಂದು ನನಗೆ ಗೊತ್ತಿತ್ತು. ಹೆಗಲ ಮೇಲೆ ಸೆರಗು ಹೊದ್ದು ಅವಳು ಬಾಗಿಲ ಕಡೆ ನಡೆದಾಗ ನನಗೆ ಕೈಮುಗಿಯಬೇಕೆನ್ನಿಸಿತು.

ಮೈತ್ರೇಯಿಯವರು ಕೂತಲ್ಲಿಂದಲೇ ಹೇಳಿದರು. ‘ನೀನು ನಡಿಯಮ್ಮ. ಸಂಗಮೇಶ ಖಂಜಿರದಲ್ಲೇ ನಡೆಸ್ತಾನೆ. ನನ್ನ ಕಾರು ಗೇಟಿನ ಹತ್ರಾನೇ ಇದೆ, ಅದರಲ್ಲೇ ಹೋಗಿ.’

ಭಾರ್ಗವನೂ ನಾನೂ ಅವಳ ಜೊತೆ ಹೋದೆವು. ದಾರಿಯಲ್ಲಿ ಅವಳು ಎಡ ಮಗ್ಗುಲಿಗೆ ಒರಗಿ ಕಣ್ಣು ಮುಚ್ಚಿದ್ದಳು. ಒಮ್ಮೆ ಮಾತ್ರ, ‘ಈಗ ಒಂದು ಸಲ ಆಡ್ತು. ಮೆತ್ತಗೆ’ ಎಂದಳು. ಭಾರ್ಗವ ವಾಪಸು ಹೋಗೋಣವೇ ಎಂಬಂತೆ ನನ್ನನ್ನು ನೋಡಿದ. ಅವಳು ಕಣ್ಣು ತೆರೆಯದೆಯೇ, ‘ಆಸ್ಪತ್ರೆಗೇ’ ಎಂದಳು.

ಅಲ್ಲಿ ಹೊಟ್ಟೆಗೆ ಪಟ್ಟಿ ಕಟ್ಟಿ ಯಂತ್ರ ಹಾಕಿದರು. ಕೋಣೆಯ ತುಂಬ ಮಗುವಿನ ಎದೆಬಡಿತ ಕೇಳಿಸಿತು. ಸದ್ಯ ಎಂದು ನಾನು ಕುರ್ಚಿ ಎಳೆದು ಕೂತೆ. ಸುರಭಿ ಮಾತ್ರ ಆ ಸದ್ದಿಗೆ ಕಿವಿಗೊಟ್ಟು, ‘ಇಷ್ಟು ಒಂದೇ ಸಮ ಇರ್ಬೇಕಾ?’ ಎಂದು ನರ್ಸನ್ನು ಕೇಳಿದಳು. ನರ್ಸು ಕೂಡಲೇ ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರ್ ಮಧುಶ್ರೀ ಬಂದು ಯಂತ್ರದಿಂದ ಹೊರಬಂದ ಕಾಗದದ ಗೆರೆಯನ್ನು ನೋಡಿದರು, ಲ್ಯಾಬಿಗೆ ಫೋನ್ ಮಾಡಿ ಹಿಂದಿನ ದಿನದ ರಿಪೋರ್ಟು ಕೇಳಿದರು. ಫೋನಿಟ್ಟು ನಮ್ಮ ಕಡೆ ತಿರುಗಿದರು.

‘ಬಡಿತ ಇದೆ, ಆದ್ರೆ ಇರಬೇಕಾದಷ್ಟು ಏರಿಳಿತ ಇಲ್ಲ. ಹೋದ ವಾರಕ್ಕೆ ಹೋಲಿಸಿದ್ರೆ ಬೈಲ್ ಆಸಿಡ್ ಬಹಳ ಏರಿದೆ. ಸೋಮವಾರದವರೆಗೂ ಕಾಯೋದು ಬೇಡ, ಈಗ್ಲೇ ಸಿಸೇರಿಯನ್ ಮಾಡೋಣ.’

ಸುರಭಿ ಎರಡೇ ಪ್ರಶ್ನೆ ಕೇಳಿದಳು. ಮಗುವನ್ನು ನೋಡಿಕೊಳ್ಳುವ ಡಾಕ್ಟರು ಇದ್ದಾರಾ, ಎಂದಳು. ಇದ್ದಾರೆ. ಭಾರ್ಗವ ಒಳಗೆ ಬರಬಹುದಾ, ಎಂದಳು. ಬರಬಹುದು. ‘ಸರಿ’ ಎಂದು ಕೈಯ ಬಳೆ ತೆಗೆದು ನನಗೆ ಕೊಟ್ಟಳು.

ನಾನು ಹೊರಗೆ ಕಾಯುತ್ತಿದ್ದಾಗ ಗುಂಡಣ್ಣನವರೂ ನಮ್ಮವರೂ ಬಂದು ಸೇರಿಕೊಂಡರು. ಗುಂಡಣ್ಣನವರ ಬೆರಳುಗಳು ಕುರ್ಚಿಯ ಕೈ ಮೇಲೆ ತಾಳ ಹಾಕುತ್ತಿದ್ದವು. ಕಡೆಗೆ ಬಾಗಿಲು ತೆರೆದು ಭಾರ್ಗವ ಬಂದ. ಮಾಸ್ಕು ಕೆಳಗೆ ಇಳಿಸಿದ. ಹೆಣ್ಣು ಮಗು, ಎಂದ. ಅತ್ತಿತು, ಎಂದ. ಆಮೇಲೆ ಗೋಡೆಗೆ ಒರಗಿ ತಾನೂ ಅತ್ತ.

ಮಗು ಇದ್ದ ನೀರು ಹಸಿರಾಗಿತ್ತಂತೆ. ಹೊಟ್ಟೆಯೊಳಗೆ ಅದಕ್ಕೆ ಕಷ್ಟವಾಗುತ್ತಿದ್ದ ಗುರುತದು ಎಂದು ಡಾಕ್ಟರ್ ಹೇಳಿದರು. ‘ಇನ್ನೂ ತಡ ಆಗಿದ್ದಿದ್ರೆ ಏನಾಗ್ತಿತ್ತೋ ಹೇಳಕ್ಕಾಗಲ್ಲ. ಅವರು ಬಂದಿದ್ದು ಒಳ್ಳೇದಾಯ್ತು.’ ಮಗುವನ್ನು ಎರಡು ದಿನ ಗಾಜಿನ ಕೋಣೆಯಲ್ಲಿಟ್ಟು ನೋಡಿಕೊಂಡರು. ಮೂರನೆಯ ದಿನ ತಾಯಿಯ ಪಕ್ಕಕ್ಕೆ ತಂದು ಮಲಗಿಸಿದರು. ಆ ಹೊತ್ತಿಗೆ ಸುರಭಿಯ ನವೆ ಬಹುಮಟ್ಟಿಗೆ ನಿಂತಿತ್ತು. ‘ನಿನ್ನೆ ಇಡೀ ರಾತ್ರಿ ನಿದ್ದೆ ಮಾಡ್ದೆ ಅತ್ತೆ. ಎಷ್ಟು ದಿನ ಆಗಿತ್ತು’ ಎಂದು ಮಗುವಿನ ಹೊದಿಕೆಯನ್ನು ಸರಿಮಾಡಿದಳು.

ಮೈತ್ರೇಯಿಯವರು ಮಗುವನ್ನು ನೋಡಲು ಮನೆಗೇ ಬಂದರು. ಬೆಳ್ಳಿ ಬಟ್ಟಲು ತಂದಿದ್ದರು. ಸುರಭಿ ಅಂದಿನ ಕಚೇರಿಯ ಬಗ್ಗೆ ಏನೋ ಹೇಳಲು ಹೊರಟರೆ ಕೈಯೆತ್ತಿ ತಡೆದರು.

‘ನಿನ್ನ ಜಾಗದಲ್ಲಿ ನಾನಿದ್ದಿದ್ರೆ, ವರ್ಣ ಮುಗಿಸಿ ಹೋಗೋಣ ಅಂತಿದ್ದೆ’ ಎಂದರು. ‘ಅದು ಮುಗಿದ ಮೇಲೆ ಇನ್ನೊಂದು ಕೀರ್ತನೆ ಅಂತಿದ್ದೆ. ನನ್ನನ್ನ ನಾನು ಬಲ್ಲೆ.’ ಮಗುವಿನ ತಲೆ ಸವರಿದರು. ಡಿಸೆಂಬರಿನಲ್ಲಿ ಅವರ ಕಚೇರಿಯೊಂದಿತ್ತು, ಅದಕ್ಕೆ ಆಗುತ್ತದೆಯೇ ಎಂದು ಕೇಳಿದರು. ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದಳು ಸುರಭಿ. ಅವರು ನಕ್ಕರು.

ಜೂನಿನಲ್ಲಿ ಮಗುವಿನ ಲಸಿಕೆಗೂ ಸುರಭಿಯ ರಕ್ತ ಪರೀಕ್ಷೆಗೂ ಒಟ್ಟಿಗೆ ಹೋದೆವು. ಅವಳ ಲಿವರ್ ಸರಿಯಾಗಿದೆ ಎಂದು ಡಾಕ್ಟರ್ ಹೇಳಿದರು. ಮುಂದಿನ ಸಲ ಬಸುರಾದರೆ ಇದು ಮತ್ತೆ ಬರುವ ಸಾಧ್ಯತೆ ಇದೆ, ಮೊದಲೇ ತಿಳಿಸಿ ಎಂದರು. ಹೊರಗೆ ಲಸಿಕೆಯ ಸಾಲಿನಲ್ಲಿ ಕಾಯುತ್ತಿದ್ದಾಗ ನಮ್ಮ ಎದುರಿನ ಬೆಂಚಿನಲ್ಲಿ ಹಸಿರು ಚೂಡಿದಾರದ ಬಸುರಿ ಹುಡುಗಿಯೊಬ್ಬಳು ಕೂತಿದ್ದಳು. ಚಪ್ಪಲಿ ಬಿಟ್ಟು, ಅಂಗಾಲನ್ನು ಬೆಂಚಿನ ಕಬ್ಬಿಣದ ಕಾಲಿಗೆ ಉಜ್ಜುತ್ತಿದ್ದಳು. ಸುರಭಿ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಮಗುವನ್ನು ನನ್ನ ಮಡಿಲಿಗೆ ಕೊಟ್ಟು ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತಳು.

‘ಕಾಲು ತುಂಬ ನವೆ ಆಗ್ತಿದ್ಯಾ?’

‘ಸೊಳ್ಳೆ ಅಕ್ಕ, ಮಳೆ ಬಂತಲ್ಲ’ ಎಂದಳು ಆ ಹುಡುಗಿ ನಾಚಿಕೊಂಡು.

‘ಕೈಯಲ್ಲೂ ಆಗುತ್ತಾ?’

ಹುಡುಗಿ ಕಾಲು ಉಜ್ಜುವುದನ್ನು ನಿಲ್ಲಿಸಿ ಅವಳ ಮುಖ ನೋಡಿದಳು. ಮೆಲ್ಲಗೆ ತಲೆಯಾಡಿಸಿದಳು. ಅವರಿಬ್ಬರೂ ತಲೆ ಹತ್ತಿರ ತಂದು ಏನೋ ಮಾತಾಡಿಕೊಂಡರು. ಅಷ್ಟರಲ್ಲಿ ಒಳಗಿನಿಂದ ಆ ಹುಡುಗಿಯ ಹೆಸರು ಕರೆದರು. ಅವಳು ಎದ್ದು, ಬಾಗಿಲ ಹತ್ತಿರ ಹೋಗಿ, ತಿರುಗಿ ನೋಡಿದಳು.

‘ಜೊತೆಗೆ ಬರ್ಲಾ?’ ಎಂದಳು ಸುರಭಿ.

‘ಬನ್ನಿ ಅಕ್ಕ’ ಎಂದಳು ಅವಳು.